ತಕ್ಕಡಿ ಮೇಲಿಟ್ಟ ಲ್ಯಾಪ್‌ಟಾಪ್

ನಮಸ್ಕಾರ. ಈಗ ನಿಮಗೆ ಕಾಣುತ್ತಿರುವುದು ಗಾಂಧಿ ಬಜಾರ್ ಹತ್ತಿರದ ನಮ್ಮ ಬೀದಿಯ ದಿನಸಿ ಅಂಗಡಿ. ಬೇಳೆ ತೂಗುವ ತಟ್ಟೆಯ ಮೇಲೆ ನನ್ನ ಹಳೇ ಲ್ಯಾಪ್‌ಟಾಪ್ ಇಟ್ಟಿದ್ದೇನೆ. 2 ಕೆಜಿ 310 ಗ್ರಾಂ. ಪಕ್ಕದಲ್ಲಿ ಚಾರ್ಜರ್ ಇಡುತ್ತೇನೆ, ವೈರ್ ಸಮೇತ. 2 ಕೆಜಿ 860. ಇನ್ನು ಮೌಸು, ಪವರ್ ಬ್ಯಾಂಕು, ಎಕ್ಸ್‌ಟೆನ್ಷನ್ ಬೋರ್ಡು. ನೋಡಿ, 3 ಕೆಜಿ 700.

ಅಂಗಡಿಯವರು ಸ್ವಲ್ಪ ಹೊತ್ತು ನಂಬರನ್ನೇ ನೋಡಿದರು. "ಇಷ್ಟನ್ನೂ ಬೆನ್ನ ಮೇಲೆ ಹೊರ್ತೀರಾ?" ಅಂತ ಕೇಳಿದರು. ಹೌದು, ನಾಲ್ಕು ವರ್ಷದಿಂದ ಹೊರುತ್ತಿದ್ದೇನೆ.

ನನ್ನದು ಆಡಿಟ್ ಕೆಲಸ. ತಿಂಗಳಲ್ಲಿ ಹತ್ತು ಹನ್ನೆರಡು ದಿನ ಊರು ಬಿಟ್ಟಿರುತ್ತೇನೆ. ತುಮಕೂರು, ದಾವಣಗೆರೆ, ಹುಬ್ಬಳ್ಳಿ. ನ್ಯಾಷನಲ್ ಕಾಲೇಜು ಸ್ಟೇಷನ್‌ನಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದು, ಅಲ್ಲಿಂದ ರೈಲು. ಮೆಟ್ರೋದಲ್ಲಿ ಸ್ಕ್ಯಾನರ್ ಬೆಲ್ಟ್ ಮೇಲೆ ಬ್ಯಾಗ್ ಇಡಬೇಕು, ಎತ್ತಬೇಕು. ರೈಲ್ವೆ ಸ್ಟೇಷನ್ ಮೆಟ್ಟಿಲು ಹತ್ತಬೇಕು. ಕಳೆದ ವರ್ಷ ಬಲಗಡೆ ಭುಜ ಹಿಡಿದುಕೊಂಡಾಗ ಫಿಸಿಯೋಥೆರಪಿಸ್ಟ್ ಮೊದಲು ಕೇಳಿದ್ದೇ "ನಿಮ್ಮ ಬ್ಯಾಗ್ ಎಷ್ಟು ತೂಕ?" ಅಂತ. ನನಗೆ ಉತ್ತರ ಗೊತ್ತಿರಲಿಲ್ಲ.

ಆದರೂ ಹೊಸದು ತಗೊಳ್ಳಬೇಕು ಅಂತ ಗಟ್ಟಿಯಾಗಿ ಅನ್ನಿಸಿದ್ದು ದಾವಣಗೆರೆಯ ಒಂದು ಗೋದಾಮಿನಲ್ಲಿ. ಮೂಟೆ ಎಣಿಸಿ ಎಣಿಸಿ ಸ್ಟಾಕ್ ಬರೆದುಕೊಳ್ಳುತ್ತಿದ್ದೆ. ಕರೆಂಟ್ ಹೋಯಿತು. ಹಳೇ ಬ್ಯಾಟರಿ ಹತ್ತು ನಿಮಿಷ ಕೂಡ ತಡೆಯಲಿಲ್ಲ. ಕೊನೆಯ ಎರಡು ಸಾಲು ಮೂಟೆಗಳ ಲೆಕ್ಕ ಸೇವ್ ಆಗಿರಲಿಲ್ಲ. ಲೆಕ್ಕ ಕೊಡುತ್ತಿದ್ದ ಹಮಾಲರು ಆಗಲೇ ಊಟಕ್ಕೆ ಹೊರಟಿದ್ದರು. ಅವರನ್ನು ವಾಪಸ್ ಕರೆದು ಮತ್ತೆ ಎಣಿಸಿದೆವು. ಅವರ ಊಟ ತಡವಾಯಿತು. ಆ ದಿನ ನನಗೆ ನಿಜಕ್ಕೂ ಬೇಜಾರಾಯಿತು.

ಹುಡುಕಲು ಶುರು ಮಾಡಿದಾಗ ನಾನು ನೋಡಿದ್ದು ಬರೀ ಗ್ರಾಂ. ಎಲ್‌ಜಿ ಗ್ರಾಮ್‌ನ 14 ಇಂಚಿನದು ಹೆಚ್ಚು ಕಡಿಮೆ ಒಂದೇ ಕೆಜಿ. ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಸುಮಾರು 1.1 ಕೆಜಿ. 13 ಇಂಚಿನ ಮ್ಯಾಕ್‌ಬುಕ್ ಏರ್ 1.24 ಕೆಜಿ, ಅದಕ್ಕೆ ಫ್ಯಾನೇ ಇಲ್ಲ, ಸದ್ದೇ ಇಲ್ಲ. ಕೈಯಲ್ಲಿ ಹಿಡಿದಾಗ ಆಸೆ ಆಯಿತು. ಆದರೆ ನನ್ನ ದಿನ ನಡೆಯುವುದು ಟ್ಯಾಲಿ ಅನ್ನುವ ಲೆಕ್ಕಪತ್ರದ ಸಾಫ್ಟ್‌ವೇರ್‌ನಲ್ಲಿ. ನಮ್ಮ ಬೆಂಗಳೂರಿನದೇ ಕಂಪನಿ, 1986ರಲ್ಲಿ ಶುರುವಾದದ್ದು. ಅವರ ಸಾಫ್ಟ್‌ವೇರ್ ವಿಂಡೋಸ್‌ಗೆ ಮಾಡಿದ್ದು, ಮ್ಯಾಕ್‌ನಲ್ಲಿ ನೇರವಾಗಿ ಓಡುವುದಿಲ್ಲ. ಹಾಗಾಗಿ ಏರ್ ಬಿಟ್ಟೆ.

ಆಮೇಲೆ ಸ್ನಾಪ್‌ಡ್ರ್ಯಾಗನ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳು. ಹಗುರ, ಬ್ಯಾಟರಿ ತುಂಬಾ ಚೆನ್ನಾಗಿ ಬರುತ್ತದೆ. ಇಲ್ಲಿ ಸ್ವಲ್ಪ ನಿಲ್ಲಿ, ಇದು ನನ್ನಂಥವರಿಗೆ ಮುಖ್ಯ. ಈಗ ತೋರಿಸುತ್ತಿದ್ದೇನಲ್ಲ, ಹೆಬ್ಬೆರಳಿನಷ್ಟು ದೊಡ್ಡ ಕಡ್ಡಿ, ಇದು ಡಿಎಸ್‌ಸಿ ಟೋಕನ್. ಡಿಜಿಟಲ್ ಸಹಿ ಇರುವುದು ಇದರೊಳಗೆ. ಇದನ್ನು ಚುಚ್ಚದೆ ಆಡಿಟ್ ರಿಪೋರ್ಟ್ ಅಪ್‌ಲೋಡ್ ಆಗುವುದಿಲ್ಲ. ಸ್ನಾಪ್‌ಡ್ರ್ಯಾಗನ್ ಆರ್ಮ್ ಜಾತಿಯ ಚಿಪ್, ಇಂಟೆಲ್‌ಗಿಂತ ಬೇರೆ ವಿನ್ಯಾಸ. ಇಂಟೆಲ್‌ಗೆ ಬರೆದ ಮಾಮೂಲಿ ಪ್ರೋಗ್ರಾಂಗಳನ್ನು ವಿಂಡೋಸ್ ಅದರಲ್ಲಿ ಹೇಗೋ ಓಡಿಸುತ್ತದೆ. ಆದರೆ ಟೋಕನ್, ಹಳೇ ಪ್ರಿಂಟರ್ ಇಂಥವಕ್ಕೆ ಬೇಕಾದ ಡ್ರೈವರ್, ಅಂದರೆ ಸಾಧನವನ್ನು ವಿಂಡೋಸ್ ಜೊತೆ ಮಾತಾಡಿಸುವ ಸಣ್ಣ ಪ್ರೋಗ್ರಾಂ, ಆ ಚಿಪ್‌ಗೆಂದೇ ಬರೆದಿರಬೇಕು. ಬರೆದಿಲ್ಲವಾದರೆ ಸಾಧನ ಕೆಲಸ ಮಾಡುವುದಿಲ್ಲ. ರಿಪೋರ್ಟ್ ಸಲ್ಲಿಸುವ ಕೊನೇ ತಾರೀಕಿನ ರಾತ್ರಿ ಹುಬ್ಬಳ್ಳಿಯ ಲಾಡ್ಜಿನಲ್ಲಿ ಕೂತು ಇದನ್ನು ಪರೀಕ್ಷೆ ಮಾಡಲು ನನಗೆ ಧೈರ್ಯ ಇಲ್ಲ.

ಇನ್ನೊಂದು, ಈ ಟೋಕನ್ ಹೋಗುವುದು ಹಳೇ ಅಗಲವಾದ ಯುಎಸ್‌ಬಿ ಕಿಂಡಿಗೆ. ತುಂಬಾ ತೆಳ್ಳಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಆ ಕಿಂಡಿಯೇ ಇರುವುದಿಲ್ಲ, ಬರೀ ಟೈಪ್ ಸಿ. ಆಗ ಡಾಂಗಲ್, ಅಂದರೆ ಒಂದು ಕಿಂಡಿಯನ್ನು ಇನ್ನೊಂದಕ್ಕೆ ಹೊಂದಿಸುವ ತುಂಡು ವೈರು, ಬೇಕು. ಪ್ರೊಜೆಕ್ಟರ್‌ಗೆ ಇನ್ನೊಂದು ಡಾಂಗಲ್. ನೂರು ಗ್ರಾಂ ಉಳಿಸಿ ಅಷ್ಟೇ ತೂಕದ ವೈರುಗಳನ್ನು ಹೊತ್ತ ಹಾಗಾಯಿತು, ಅಲ್ವಾ? ಮರೆತು ಹೋಗುವ ಭಯ ಬೇರೆ.

ಪೆಟ್ಟಿಗೆ ಮೇಲೆ ಬರೆದ ತೂಕ ಬೇರೆ, ಭುಜದ ಮೇಲೆ ಬೀಳುವ ತೂಕ ಬೇರೆ ಅಂತ ನನಗೆ ಗೊತ್ತಾಗಿದ್ದು ಹೀಗೆ. ಅವತ್ತಿನಿಂದ ಬ್ಯಾಗಿನಲ್ಲಿ ಏನೇನು ಕಡಿಮೆ ಆಗುತ್ತದೆ ಅಂತ ನೋಡತೊಡಗಿದೆ.

ಇದು ಎಸ್‌ಪಿ ರೋಡ್, ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆದು ಬಂದೆ. ಅಂಗಡಿಯವರನ್ನು ಕೇಳಿ ಒಂದೊಂದನ್ನೂ ತೊಡೆ ಮೇಲೆ ಇಟ್ಟುಕೊಂಡು ಹತ್ತು ನಿಮಿಷ ಟೈಪ್ ಮಾಡಿದೆ. ಒಂದು ಟೈಪ್ ಮಾಡುವಾಗ ಹಿಂದಕ್ಕೆ ವಾಲುತ್ತಿತ್ತು, ಸ್ಕ್ರೀನ್ ಭಾರ ಜಾಸ್ತಿ. ಇನ್ನೊಂದರ ಕೀಬೋರ್ಡ್ ನಡುವೆ ಒತ್ತಿದರೆ ಹಲಗೆ ಬಗ್ಗಿದ ಹಾಗೆ ಬಗ್ಗುತ್ತಿತ್ತು. ಆಮೇಲೆ ಬಾಗಿಲ ಹತ್ತಿರ, ಬಿಸಿಲಿಗೆ ಹಿಡಿದು ನೋಡಿದೆ. ಕನ್ನಡಿಯಂತೆ ಹೊಳೆಯುವ ಸ್ಕ್ರೀನ್‌ನಲ್ಲಿ ನನ್ನ ಮುಖ, ಎದುರಿನ ಬೋರ್ಡು ಎಲ್ಲಾ ಕಂಡಿತು, ಎಕ್ಸೆಲ್ ಮಾತ್ರ ಕಾಣಲಿಲ್ಲ. ಕಿಟಕಿ ಪಕ್ಕದ ಸೀಟಿನಲ್ಲಿ ಕೆಲಸ ಮಾಡುವವರಿಗೆ ಹೊಳಪಿಲ್ಲದ ಮ್ಯಾಟ್ ಸ್ಕ್ರೀನೇ ಸರಿ.

ಕೊನೆಗೆ ತಗೊಂಡದ್ದು 14 ಇಂಚಿನದು, ಇಂಟೆಲ್ ಚಿಪ್. ಮಾಡೆಲ್ ಹೆಸರು ಹೇಳುತ್ತಿಲ್ಲ. ಅದು ವರ್ಷ ವರ್ಷ ಬದಲಾಗುತ್ತದೆ, ನಿಮ್ಮ ಕೆಲಸವೂ ನನ್ನದೇ ಆಗಿರಬೇಕಿಲ್ಲ. ಒಂದು ಅಗಲ ಯುಎಸ್‌ಬಿ, ಎರಡು ಟೈಪ್ ಸಿ, ಪ್ರೊಜೆಕ್ಟರ್‌ಗೆ ಒಂದು ಎಚ್‌ಡಿಎಂಐ ಕಿಂಡಿ ಇದೆ. ಸ್ಕ್ರೀನ್ 16:10, ಅಂದರೆ ಎತ್ತರ ಸ್ವಲ್ಪ ಜಾಸ್ತಿ, ಲೆಡ್ಜರ್‌ನಲ್ಲಿ ಒಂದೆರಡು ಸಾಲು ಹೆಚ್ಚು ಕಾಣುತ್ತವೆ. ರ‍್ಯಾಮ್ 16 ಜಿಬಿ. 8ಕ್ಕೆ ಒಪ್ಪಬೇಡಿ. ಇಂಥ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಸಾಮಾನ್ಯವಾಗಿ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಆಮೇಲೆ ಹೆಚ್ಚಿಸಲು ಆಗುವುದಿಲ್ಲ.

ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಚಾರ್ಜರ್. ಹಳೆಯದು ಇಟ್ಟಿಗೆ ಇದ್ದ ಹಾಗೆ. ರೈಲಿನ ಸಡಿಲ ಸಾಕೆಟ್‌ಗೆ ಹಾಕಿದರೆ ಅದರ ಭಾರಕ್ಕೇ ಪಿನ್ ಜಾರಿ ಬೀಳುತ್ತಿತ್ತು. ಹುಬ್ಬಳ್ಳಿಯಿಂದ ಬರುವಾಗ ಎಷ್ಟೋ ರಾತ್ರಿ ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಟೈಪ್ ಮಾಡಿದ್ದೇನೆ. ಈಗಿನದು 65 ವ್ಯಾಟ್‌ನ ಗ್ಯಾನ್ ಚಾರ್ಜರ್. ಗ್ಯಾನ್ ಅಂದರೆ ಗ್ಯಾಲಿಯಂ ನೈಟ್ರೈಡ್. ಮಾಮೂಲಿ ಚಾರ್ಜರ್‌ಗಳಲ್ಲಿರುವ ಸಿಲಿಕಾನ್‌ಗಿಂತ ಬೇಗ ಬೇಗ ಕರೆಂಟನ್ನು ಆನ್ ಆಫ್ ಮಾಡುತ್ತದೆ, ಬಿಸಿಯಾಗಿ ಪೋಲಾಗುವುದೂ ಕಡಿಮೆ. ಅದಕ್ಕೆ ಒಳಗಿನ ಟ್ರಾನ್ಸ್‌ಫಾರ್ಮರ್ ಚಿಕ್ಕದಿದ್ದರೂ ಸಾಕು. ಮುಷ್ಟಿಯೊಳಗೆ ಹಿಡಿಯುತ್ತದೆ. ಫೋನಿಗೂ ಇದೇ, ಲ್ಯಾಪ್‌ಟಾಪಿಗೂ ಇದೇ. ಪವರ್ ಬ್ಯಾಂಕ್ ಮನೆಯಲ್ಲೇ ಉಳಿಯಿತು.

ಬ್ಯಾಟರಿ ನೋಡುವಾಗ "ಇಷ್ಟು ಗಂಟೆ" ಅನ್ನುವುದನ್ನು ಪೂರ್ತಿ ನಂಬಬೇಡಿ. ವ್ಯಾಟ್‌ಅವರ್ ಎಷ್ಟು, ಅಂದರೆ ಬ್ಯಾಟರಿಯಲ್ಲಿ ಒಟ್ಟು ಎಷ್ಟು ವಿದ್ಯುತ್ ಹಿಡಿಯುತ್ತದೆ, ಅಂತ ಕೇಳಿ. ನನ್ನದು 60. ಸ್ಕ್ರೀನ್ ಬೆಳಕು ಅರ್ಧ ಇಟ್ಟು, ಟ್ಯಾಲಿ, ಎಕ್ಸೆಲ್, ಹಾಟ್‌ಸ್ಪಾಟ್ ಇಂಟರ್ನೆಟ್ ಸೇರಿ ಬೆಳಗ್ಗೆ ಒಂಬತ್ತಕ್ಕೆ ಶುರು ಮಾಡಿದರೆ ಸಂಜೆ ನಾಲ್ಕೂವರೆ ತನಕ ಬರುತ್ತದೆ. ವಿಮಾನದಲ್ಲಿ ಹೋಗುವವರಿಗೆ 100 ವ್ಯಾಟ್‌ಅವರ್ ತನಕ ವಿಶೇಷ ಅನುಮತಿ ಬೇಕಿಲ್ಲ. ಪವರ್ ಬ್ಯಾಂಕನ್ನು ಮಾತ್ರ ಕೈಯಲ್ಲಿರುವ ಬ್ಯಾಗಿನಲ್ಲೇ ಇಡಬೇಕು.

ಮತ್ತೆ ಅದೇ ಅಂಗಡಿ, ಅದೇ ತಕ್ಕಡಿ. ಲ್ಯಾಪ್‌ಟಾಪ್ 1 ಕೆಜಿ 290. ಚಾರ್ಜರ್, ಕೇಬಲ್, ಮೌಸು ಸೇರಿ 1 ಕೆಜಿ 550. ಒಟ್ಟು 2 ಕೆಜಿ 150 ಗ್ರಾಂ ಇಳಿದಿದೆ. ಎಕ್ಸ್‌ಟೆನ್ಷನ್ ಬೋರ್ಡು ಈಗ ಅಡುಗೆ ಮನೆಯಲ್ಲಿ, ಅಮ್ಮನ ಮಿಕ್ಸಿ ಪಕ್ಕ.

ನಾಳೆ ಬೆಳಗ್ಗೆ ದಾವಣಗೆರೆ, ಧಾರವಾಡದ ವಂದೇ ಭಾರತ್‌ನಲ್ಲಿ. ಅದೇ ಗೋದಾಮು, ಅದೇ ಹಮಾಲರು. ಟೋಕನ್ ಬ್ಯಾಗಿನ ಮುಂದಿನ ಜೇಬಿನಲ್ಲಿದೆ. ಅಲ್ಲಿಂದ ಮತ್ತೆ ಸಿಗುತ್ತೇನೆ.