ದೋಣಿಯ ಮೋಟರು ನಿಂತರೆ ಮೊದಲು ಟ್ಯಾಂಕು ನೋಡಿ

ಕೇಳುಗರಿಗೆ ನಮಸ್ಕಾರ. ಹಮ್ಮಿಗಿಯ ಸಿಂಗಟಾಲೂರು ಬ್ಯಾರೇಜಿನ ಹಿನ್ನೀರಿನಲ್ಲಿ ಬಲೆ ಬೀಸುವವರನ್ನೂ, 2019ರ ಆಗಸ್ಟ್‌ನಲ್ಲಿ ಮಲಪ್ರಭೆಯು ಕೊಣ್ಣೂರಿಗೆ ನುಗ್ಗಿದ್ದನ್ನು ಕಂಡು ಈಗ ಮಳೆಗಾಲಕ್ಕೆ ಮೊದಲೇ ದೋಣಿ ಸಿದ್ಧಪಡಿಸಿಕೊಳ್ಳುವವರನ್ನೂ ನೆನೆದು ಈ ಮಾತುಗಳನ್ನು ಹೇಳುತ್ತಿದ್ದೇನೆ. ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಮೋಟರು ಚಾಲೂ ಆಗಿ, ಸ್ವಲ್ಪ ದೂರ ಸಾಗಿ, ಮುಗ್ಗರಿಸಿ ನಿಂತರೆ ಮೊದಲು ಟ್ಯಾಂಕು ನೋಡಿ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿಗೆ ಕೈ ಹಚ್ಚುವುದು ಕೊನೆಗೆ.

ಮುಂಡರಗಿ ತಾಲ್ಲೂಕಿನ ನದಿದಂಡೆಯ ಮೀನುಗಾರರು ಒಮ್ಮೆ ನನ್ನನ್ನು ಕರೆಸಿದ್ದರು. ಅವರ ಎಂಜಿನ್ ನಡುಹೊಳೆಗೆ ಹೋದೊಡನೆ ನಿಲ್ಲುತ್ತಿತ್ತು, ಸ್ವಲ್ಪ ಹೊತ್ತು ಸುಮ್ಮನಿದ್ದರೆ ಮತ್ತೆ ಚಾಲೂ ಆಗುತ್ತಿತ್ತು. ಬಿಸಿಯೇರಿ ನಿಲ್ಲುತ್ತದೆಂದು ಒಬ್ಬರು ಹೇಳಿದ್ದರಂತೆ. ಇನ್ನೊಬ್ಬರು ಕಾರ್ಬ್ಯುರೇಟರ್ ಬಿಚ್ಚಿ ತೊಳೆದು, ಹೊಸ ಪ್ಲಗ್ ಹಾಕಿ, ಹಣವನ್ನೂ ಪಡೆದಿದ್ದರು. ದೋಣಿಯನ್ನು ದಂಡೆಗೆ ಕಟ್ಟಿ ಎಂಜಿನ್ ಓಡಿಸಲು ಹೇಳಿದೆ. ಅದು ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ, ಸುಂಯ್ ಎಂದು ಗಾಳಿ ಒಳಗೆ ನುಗ್ಗಿದ ಸದ್ದು ಸುತ್ತ ನಿಂತವರಿಗೆಲ್ಲ ಕೇಳಿಸಿತು. ಟೆಂಪೊದಲ್ಲಿ ತರುವಾಗ ಪೆಟ್ರೋಲು ಚೆಲ್ಲದಿರಲೆಂದು ಮುಚ್ಚಳದ ಮೇಲಿನ ಗಾಳಿ ತಿರುಪನ್ನು ಬಿಗಿದವರು ಅದನ್ನು ಸಡಿಲಿಸಿರಲಿಲ್ಲ. ಪೆಟ್ರೋಲು ಹೊರಗೆ ಹೋದಷ್ಟು ಗಾಳಿ ಒಳಗೆ ಬರದಿದ್ದರೆ ಟ್ಯಾಂಕಿನೊಳಗೆ ನಿರ್ವಾತ ಬೆಳೆದು, ಎಂಜಿನ್ನಿನ ಪಂಪು ಪೆಟ್ರೋಲನ್ನು ಎಳೆಯಲಾರದು; ಸಂದಿಯಿಂದ ತುಸು ಗಾಳಿ ಸೇರಿದರೆ ಮತ್ತೆ ಸ್ವಲ್ಪ ಓಡುತ್ತದೆ. ತಿರುಪು ಸಡಿಲಿಸಿದ ಮೇಲೆ ಆ ಎಂಜಿನ್ ನಿಲ್ಲಲಿಲ್ಲ. ಒಂದು ಪೈಸೆಯ ಖರ್ಚಿಲ್ಲದ ಕೆಲಸಕ್ಕೆ ಬಡವರು ಹಣ ತೆತ್ತದ್ದು ಇಂದಿಗೂ ನನಗೆ ಸಂಕಟದ ಸಂಗತಿ. ಆದ್ದರಿಂದಲೇ ಮತ್ತೆ ಹೇಳುತ್ತೇನೆ, ಮೊದಲು ಟ್ಯಾಂಕು ನೋಡಿ.

ಆಮೇಲೆ ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲು ಒಯ್ಯುವ ಪೈಪು. ಅದರ ನಡುವೆ, ರಕ್ತದೊತ್ತಡ ನೋಡುವ ವೈದ್ಯರ ಕೈಯಲ್ಲಿರುವಂಥ ರಬ್ಬರ್ ಬಲ್ಬ್ ಇರುತ್ತದೆ; ಅದನ್ನು ಅಮುಕಿ ಪೆಟ್ರೋಲನ್ನು ಎಂಜಿನ್ನಿಗೆ ತಳ್ಳುತ್ತೇವೆ. ಅದರ ಬಾಣದ ಗುರುತು ಎಂಜಿನ್ ಕಡೆಗೇ ಇರಬೇಕು. ಅಮುಕಿದ ಬಲ್ಬ್ ಚಪ್ಪಟೆಯಾಗಿಯೇ ಉಳಿದರೆ ಟ್ಯಾಂಕಿನ ಕಡೆ ಏನೋ ಕಟ್ಟಿಕೊಂಡಿದೆ. ಎಷ್ಟು ಅಮುಕಿದರೂ ಗಟ್ಟಿಯಾಗದಿದ್ದರೆ ಸೀಳಿದ ಪೈಪಿನಿಂದಲೋ ಸವೆದ ಕನೆಕ್ಟರಿನಿಂದಲೋ ಗಾಳಿ ಸೇರುತ್ತಿದೆ, ಇಲ್ಲವೇ ಬಲ್ಬಿನೊಳಗಿನ ವಾಲ್ವ್ ಕೆಟ್ಟಿದೆ. ನಿಲ್ಲುವ ಹಂತದ ಎಂಜಿನ್ ಬಲ್ಬ್ ಅಮುಕಿದಾಗ ಚೇತರಿಸಿಕೊಂಡರೆ, ಎಂಜಿನ್ನಿನ ಪಂಪಿನೊಳಗಿನ ತೆಳು ಪರದೆ, ಅಂದರೆ ಡಯಾಫ್ರಂ, ಸೋತಿರಬಹುದು.

ಸಮಯ ಕಡಿಮೆಯಿರುವುದರಿಂದ ನೀರಿನ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಇಂದಿನ ಪೆಟ್ರೋಲಿನಲ್ಲಿರುವ ಎಥೆನಾಲ್ ತೇವವನ್ನು ಹೀರುತ್ತದೆ; ಹೆಚ್ಚಾದ ನೀರು ಎಥೆನಾಲಿನೊಡನೆ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಟ್ಯಾಂಕಿನ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಸಿದು ಇಟ್ಟರೆ ಎರಡು ಪದರ ಕಣ್ಣಿಗೇ ಕಾಣುತ್ತದೆ. ಹಾಗೆ ಕಂಡರೆ ಆ ಪೆಟ್ರೋಲನ್ನು ಎಂಜಿನ್ನಿಗೆ ಬಿಡದೆ, ಟ್ಯಾಂಕು ತೊಳೆದು, ಫಿಲ್ಟರ್ ಬದಲಿಸಿರಿ. ಈ ಕೆಲಸಗಳನ್ನು ಎಂಜಿನ್ ತಣ್ಣಗಾದ ಮೇಲೆ, ಟ್ಯಾಂಕನ್ನು ದಂಡೆಗೆ ಇಳಿಸಿಕೊಂಡು, ಬೀಡಿ ಕಡ್ಡಿಪೆಟ್ಟಿಗೆಗಳನ್ನು ದೂರವಿಟ್ಟು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ನಮಸ್ಕಾರ.