ತಪ್ಪಿದರೆ ಯಾರ ಲೆಕ್ಕಕ್ಕೆ?

ಕೇಳುಗರಿಗೆ ನಮಸ್ಕಾರ.

ಕೃತಕ ಬುದ್ಧಿಮತ್ತೆ, ಅದೇ ಎಐ, ಅಂದ ಕೂಡಲೇ ನಮಗೆ ನೆನಪಾಗುವುದು ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಚಾಟ್‌ಬಾಟ್. ಗಿರಾಕಿಗಳ ಜೊತೆ ಮಾತಾಡುವ ಕೆಲಸವನ್ನು ಎಷ್ಟೋ ಕಂಪನಿಗಳು ಅದಕ್ಕೇ ಒಪ್ಪಿಸಿಬಿಟ್ಟಿವೆ.

ಕೆನಡಾದಲ್ಲಿ ಹೀಗಾಯಿತು. 2022ರಲ್ಲಿ ಅಜ್ಜಿ ತೀರಿಕೊಂಡಾಗ ಒಬ್ಬರು, ಹತ್ತಿರದವರು ತೀರಿಕೊಂಡಾಗ ಪ್ರಯಾಣಿಸುವವರಿಗೆ ಸಿಗುವ ಟಿಕೆಟ್ ರಿಯಾಯಿತಿ ಬಗ್ಗೆ ಏರ್ ಕೆನಡಾ ವಿಮಾನ ಕಂಪನಿಯ ಚಾಟ್‌ಬಾಟನ್ನು ವಿಚಾರಿಸಿದರು. ಟಿಕೆಟ್ ತೆಗೆದುಕೊಂಡು 90 ದಿನದೊಳಗೆ ಅರ್ಜಿ ಹಾಕಿದರೂ ರಿಯಾಯಿತಿ ಸಿಗುತ್ತದೆ ಅಂತ ಅದು ಹೇಳಿತು. ಕಂಪನಿಯ ನಿಯಮ ಹಾಗಿರಲಿಲ್ಲ. ದುಡ್ಡು ವಾಪಸ್ ಬರಲಿಲ್ಲ. ವಿಷಯ ನ್ಯಾಯಮಂಡಳಿಗೆ ಹೋದಾಗ, ಚಾಟ್‌ಬಾಟ್ ಕೊಟ್ಟ ಮಾಹಿತಿಗೆ ತಾನು ಹೊಣೆಯಲ್ಲ ಅಂತ ಕಂಪನಿ ವಾದಿಸಿತು! ಗಲ್ಲಾಪೆಟ್ಟಿಗೆ ಮೇಲೆ ಕೂತ ಹುಡುಗ ಹೇಳಿದ ಬೆಲೆಗೆ ನಾನು ಜವಾಬ್ದಾರನಲ್ಲ ಅಂತ ಅಂಗಡಿ ಯಜಮಾನ ಅಂದರೆ ನಾವು ಸುಮ್ನೆ ಬರುತ್ತೇವಾ? ಮಂಡಳಿಯೂ ಒಪ್ಪಲಿಲ್ಲ. 2024ರ ಫೆಬ್ರವರಿಯಲ್ಲಿ ಬಡ್ಡಿ, ಖರ್ಚು ಸೇರಿಸಿ ಸುಮಾರು 812 ಕೆನಡಾ ಡಾಲರ್ ಕೊಡಿಸಿತು.

ಅದೇ ತಿಂಗಳು ಆನ್‌ಲೈನ್ ಪಾವತಿ ಸೇವೆ ಕೊಡುವ ಸ್ವೀಡನ್ನಿನ ಕ್ಲಾರ್ನಾ ಕಂಪನಿ, ಗಿರಾಕಿಗಳಿಗೆ ಉತ್ತರ ಕೊಡುವ ನಮ್ಮ ಎಐ 700 ಜನರ ಕೆಲಸ ಮಾಡುತ್ತಿದೆ ಅಂತ ಹೇಳಿಕೊಂಡಿತು. ಮರುವರ್ಷ ಗುಣಮಟ್ಟ ಇಳಿಯಿತೆಂದು ಮತ್ತೆ ಮನುಷ್ಯರನ್ನು ಹುಡುಕಿತು.

ಹಾಗಂತ ಎಐ ಬೇಡವೇ ಬೇಡ ಅನ್ನುತ್ತಿಲ್ಲ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರೈಸ್ ಮಿಲ್ಲುಗಳಿಗೆ ಬನ್ನಿ. ಅಕ್ಕಿ ಚೀಲದ ಮೇಲೆ ‘ಸಾರ್ಟೆಕ್ಸ್’ ಅಂತ ಅಚ್ಚು ಹಾಕಿರುವುದನ್ನು ನೀವು ನೋಡಿರುತ್ತೀರಿ, ಅಲ್ವಾ? ಬಣ್ಣ ನೋಡಿ ಕಾಳು ಬೇರ್ಪಡಿಸುವ ಯಂತ್ರದಲ್ಲಿ ಹಾದು ಬಂದ ಅಕ್ಕಿ ಅದು. ಇಳಿಜಾರು ತಗಡಿನ ಮೇಲಿಂದ ಅಕ್ಕಿ ಸುರಿಯುತ್ತದೆ. ಬೀಳುವ ಒಂದೊಂದು ಕಾಳನ್ನೂ ಕ್ಯಾಮೆರಾ ನೋಡುತ್ತದೆ. ಕಪ್ಪು ಕಾಳೋ ಹಳದಿ ಕಾಳೋ ಕಂಡರೆ ಪಕ್ಕದ ಸಣ್ಣ ಕೊಳವೆಯಿಂದ ಫಟ್ ಅಂತ ಗಾಳಿ ಹೊಡೆದು ಆಚೆ ತಳ್ಳುತ್ತದೆ. ಕಣ್ಣು ರೆಪ್ಪೆ ಬಡಿಯುವುದರೊಳಗೆ ಮುಗಿಯಿತು. ಹಳೆಯ ಯಂತ್ರಗಳು ಬಣ್ಣದ ಗಾಢತೆಯನ್ನಷ್ಟೇ ಅಳೆಯುತ್ತಿದ್ದವು. ಈಗಿನ ಕೆಲವು ಯಂತ್ರಗಳಿಗೆ ಒಳ್ಳೆ ಕಾಳು, ಕೆಟ್ಟ ಕಾಳು ಎರಡರ ಚಿತ್ರಗಳನ್ನೂ ತೋರಿಸಿ ಕಲಿಸುತ್ತಾರೆ.

ಆದರೆ ಆ ಗಾಳಿಗೆ ಅಕ್ಕಪಕ್ಕದ ಒಳ್ಳೆ ಕಾಳೂ ಹಾರಿಹೋಗುತ್ತದೆ. ಸೂಕ್ಷ್ಮತೆ ಜಾಸ್ತಿ ಮಾಡಿದರೆ ಅಕ್ಕಿ ಬೆಳ್ಳಗೆ ಬರುತ್ತದೆ, ಲುಕ್ಸಾನೂ ಜಾಸ್ತಿ. ಕಡಿಮೆ ಮಾಡಿದರೆ ಕಪ್ಪು ಕಾಳು ಚೀಲ ಸೇರುತ್ತದೆ. ಗಾಜಿನ ಮೇಲೆ ದೂಳು ಕೂತರೂ ಎಡವಟ್ಟೇ. ಅದಕ್ಕೇ ಆಪರೇಟರ್ ಆಗಾಗ ತೆಗೆದುಹಾಕಿದ ಮಾಲನ್ನು ಅಂಗೈಗೆ ಹಾಕಿಕೊಂಡು ನೋಡುತ್ತಾನೆ. ಒಳ್ಳೆ ಕಾಳು ಹೆಚ್ಚಿದ್ದರೆ ಸೆಟ್ಟಿಂಗ್ ತಿರುಗಿಸುತ್ತಾನೆ. ಆ ಮಾಲನ್ನು ಇನ್ನೊಂದು ಸಲ ಯಂತ್ರಕ್ಕೆ ಹಾಕುತ್ತಾರೆ.

ಇಲ್ಲಿ ಯಂತ್ರದ ತಪ್ಪು ಮಿಲ್ಲಿನೊಳಗೇ ಕಣ್ಣಿಗೆ ಬೀಳುತ್ತದೆ, ನಷ್ಟವೂ ಮಾಲೀಕನದೇ. ಹಾಗಾಗಿ ತಿದ್ದುವ ಅವಸರವೂ ಅವನಿಗೇ. ಚಾಟ್‌ಬಾಟ್ ತಪ್ಪಿದರೆ ಮೊದಲು ಪೆಟ್ಟು ತಿನ್ನುವುದು ಗಿರಾಕಿ. ಕಂಪನಿಗೆ ಗೊತ್ತಾಗುವುದು ದೂರು ಬಂದ ಮೇಲೆ.

ನಿಮ್ಮ ಅಂಗಡಿಗೋ ಕಾರ್ಖಾನೆಗೋ ಎಐ ಮಾರಲು ಯಾರಾದರೂ ಬಂದರೆ, ಅವರು ತಂದ ಸ್ಯಾಂಪಲ್ ನೋಡಿ ಮರುಳಾಗಬೇಡಿ. ನಿಮ್ಮದೇ ಮಾಲು, ನಿಮ್ಮದೇ ಹಳೆ ಬಿಲ್ಲು, ನಿಮ್ಮ ಗಿರಾಕಿಗಳು ಕನ್ನಡದಲ್ಲೇ ಕೇಳಿದ ಪ್ರಶ್ನೆಗಳನ್ನು ಕೊಟ್ಟು ನೋಡಿ. ಅದು ಎಷ್ಟು ಸರಿ ಹೇಳಿತು ಅನ್ನುವುದರ ಜೊತೆಗೆ, ತಪ್ಪಿದ್ದನ್ನು ದಿನಾ ಕೂತು ನೋಡುವವರು ಯಾರು, ಅವರ ಸಂಬಳ ಎಷ್ಟು ಅನ್ನುವುದನ್ನೂ ಖರ್ಚಿನ ಲೆಕ್ಕಕ್ಕೆ ಸೇರಿಸಿ. ಆಮೇಲೆ ರೇಟು ಮಾತಾಡಿ.