ಹನ್ನೊಂದು ಸೆಕೆಂಡಿನ ಭೇಟಿ: ವಾಹನಗಳ ನಡುವೆ ಮಾಹಿತಿ ಹಂಚಿಕೆ

ಕೇಳುಗರಿಗೆ ನಮಸ್ಕಾರ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಎದುರುಬದುರಾಗಿ ಸಾಗುವ ಎರಡು ಕಾರುಗಳಲ್ಲಿ 300 ಮೀಟರ್ ದೂರ ಮುಟ್ಟುವ ರೇಡಿಯೊ ಸಾಧನಗಳಿವೆ ಎಂದು ಭಾವಿಸೋಣ. ಅವು ಸಮೀಪಿಸಿ, ದಾಟಿ, ಮತ್ತೆ ದೂರವಾಗುವವರೆಗೆ ಮಾಹಿತಿ ಹಂಚಿಕೊಳ್ಳಲು ಸಿಗುವ ಅವಧಿ ಸುಮಾರು ಹನ್ನೊಂದು ಸೆಕೆಂಡು. ಮೊಬೈಲ್ ಗೋಪುರದ ನೆರವಿಲ್ಲದೆ ವಾಹನಗಳು ತಾವೇ ಕಟ್ಟಿಕೊಳ್ಳುವ ನಿಸ್ತಂತು ಜಾಲದ ಮುಖ್ಯ ಕಷ್ಟ ಇದೇ. ಆದ್ದರಿಂದಲೇ 2010ರಲ್ಲಿ ಅಂಗೀಕಾರವಾದ ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆಯ 802.11ಪಿ ಮಾನದಂಡವು, ವೈ-ಫೈ ವರ್ಗಕ್ಕೇ ಸೇರಿದ್ದರೂ, ಜಾಲಕ್ಕೆ ಮೊದಲು ನೋಂದಾಯಿಸಿಕೊಂಡು ಆಮೇಲೆ ಮಾತಾಡುವ ಕ್ರಮವನ್ನು ಕೈಬಿಟ್ಟು, 5.9 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ನೇರವಾಗಿ ಸಂದೇಶ ಕಳುಹಿಸಲು ಅವಕಾಶ ಕೊಟ್ಟಿತು.

ಮದ್ದೂರಿನ ಬಳಿ ಒಂದು ಕಾರು ಥಟ್ಟನೆ ಬ್ರೇಕ್ ಹಾಕಿ ಎಚ್ಚರಿಕೆ ಕಳುಹಿಸಿತೆನ್ನಿ. ಕೇಳಿದ ಪ್ರತಿಯೊಂದು ವಾಹನವೂ ಅದನ್ನು ಹಿಂದಿನವರಿಗೆ ದಾಟಿಸಹೊರಟರೆ ಸಂದೇಶಗಳು ಒಂದಕ್ಕೊಂದು ಡಿಕ್ಕಿಯಾಗಿ ಎಲ್ಲವೂ ಕೆಡುತ್ತವೆ. ಸಂಶೋಧಕರು ಇದನ್ನು ಪ್ರಸಾರದ ಬಿರುಗಾಳಿ ಎನ್ನುತ್ತಾರೆ. ಇದಕ್ಕಿರುವ ಉಪಾಯಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು, ದೂರವನ್ನು ನೋಡಿ ಸರದಿ ಗೊತ್ತುಮಾಡುವ ವಿಧಾನ: ಎಚ್ಚರಿಕೆ ಹೊರಟ ಕಾರಿನಿಂದ ಅತಿ ದೂರದಲ್ಲಿ ಅದನ್ನು ಕೇಳಿಸಿಕೊಂಡ ವಾಹನ ಅತಿ ಕಡಿಮೆ ಕಾದು ಇನ್ನೂ ಹಿಂದಿನವರಿಗೆ ದಾಟಿಸುತ್ತದೆ, ನಡುವಿನವು ಆ ಮರುಪ್ರಸಾರವನ್ನು ಕೇಳಿದೊಡನೆ ಸುಮ್ಮನಾಗುತ್ತವೆ. ಯಾರ ಅಪ್ಪಣೆಯೂ ಇಲ್ಲದೆ, ಒಂದೊಂದು ವಾಹನವೂ ತನ್ನ ಜಾಗವನ್ನೂ ಸಂದೇಶ ಹೊರಟ ಜಾಗವನ್ನೂ ಮಾತ್ರ ತಿಳಿದು, ಇಡೀ ಸಾಲಿಗೆ ಸುದ್ದಿ ಮುಟ್ಟಿಸುತ್ತದೆ.

ದೊಡ್ಡ ನಕ್ಷೆಯಂತಹ ಕಡತಗಳನ್ನು ತುಂಡು ಮಾಡಿ ಹಂಚುವಾಗ ಬೇರೆ ಜಾಣ್ಮೆ ಬೇಕು. ಒಂದು ಕಾರಿನ ಬಳಿ ಮೊದಲ ತುಂಡು, ಇನ್ನೊಂದರ ಬಳಿ ಎರಡನೆಯದು ಇದ್ದರೆ, ಎರಡೂ ತುಂಡುಗಳಿರುವ ಮೂರನೆಯ ವಾಹನ ಅವನ್ನು ಗಣಿತದಿಂದ ಬೆರೆಸಿ ಒಂದೇ ಸಲ ಪ್ರಸಾರ ಮಾಡಬಹುದು. ಆ ಬೆರಕೆಯಿಂದ ತಮ್ಮಲ್ಲಿರುವ ತುಂಡನ್ನು ಕಳೆದು ಇಬ್ಬರೂ ತಮಗೆ ಬೇಕಾದದ್ದನ್ನು ಪಡೆಯುತ್ತಾರೆ. 2000ದಲ್ಲಿ ಸಿದ್ಧಾಂತವಾಗಿ ರೂಪುಗೊಂಡ ಈ ಜಾಲ ಸಂಕೇತೀಕರಣದಿಂದ ಎರಡು ಪ್ರಸಾರದ ಕೆಲಸ ಒಂದರಲ್ಲೇ ಮುಗಿಯುತ್ತದೆ. ಇನ್ನು ನಡುರಾತ್ರಿಯಲ್ಲಿ ಮಳವಳ್ಳಿ ರಸ್ತೆಯಂತಹ ಕಡೆ ಸುತ್ತ ವಾಹನವೇ ಇಲ್ಲದಿದ್ದರೆ, ಸಂದೇಶವನ್ನು ಹೊತ್ತೇ ಸಾಗಿ ಮುಂದೆ ಸಿಕ್ಕವರಿಗೆ ಕೊಡುವುದೊಂದೇ ದಾರಿ.

ಕಬ್ಬು ಕಡಿಯುವ ಕಾಲದಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರುಗಳು ರಾತ್ರಿಯೆಲ್ಲ ಕಾರ್ಖಾನೆಯತ್ತ ಸಾಗುವ ನಮ್ಮ ಮಂಡ್ಯ ಸೀಮೆಗೆ ಇದು ದುಬಾರಿ ಕಾರುಗಳ ಸೌಲಭ್ಯವಾಗಿ ಮಾತ್ರ ಬರಬಾರದು. ತನ್ನ ಸ್ಥಾನ ಮತ್ತು ವೇಗವನ್ನು ಸೆಕೆಂಡಿಗೆ ಹತ್ತು ಬಾರಿ ಸಾರುವ ಅಗ್ಗದ ಸಾಧನವೊಂದನ್ನು ಮೊದಲು ಆ ಟ್ರೈಲರುಗಳಿಗೆ ಅಳವಡಿಸಬೇಕೆಂಬುದು ನನ್ನ ಆಗ್ರಹ. ನಮಸ್ಕಾರ.